ಗಾಡಿ ಎತ್ತುವ ಮುಂಚೆ ಒಂದು ಟ್ರಯಲ್

ನಮ್ಮ ಬೀದಿಗೆ ಹೊಸ ಪೈಪು ಬಂದಿದೆ, ನೀರು ಬಂದಿಲ್ಲ. ಪೈಪು ಹೂತವರು ಮೇಲೆ ಕಾಂಕ್ರೀಟು ಸುರಿದರು, ಸಮ ಮಾಡಲು ಪುರುಸೊತ್ತಾಗದೆ ಹೊರಟುಹೋದರು. ಹಾಗಾಗಿ ಬೀದಿಯ ಬಾಯಲ್ಲೇ ಅಡ್ಡಕ್ಕೆ ಒಂದು ದಿಬ್ಬ. ದೂರು ಕೊಟ್ಟೆವು. "ಇನ್ನೊಂದ್ಸಲ ಅಗೆಯೋದಿದೆ, ಆಮೇಲೆ ಸಮ ಮಾಡ್ತೀವಿ" ಅಂದರು. ಯಾವಾಗ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ, ಆ ದಿಬ್ಬಕ್ಕೂ ಗೊತ್ತಿಲ್ಲ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗಿರಾಕಿಗಳು ಹಿಂದೆ ಮುಂದೆ ತಿರುಗಿ ನೋಡಿಕೊಳ್ಳಲು ಒಂದು ಉದ್ದ ಕನ್ನಡಿ. ಕಿಟಕಿಯಿಂದ ದಿಬ್ಬ ನೇರವಾಗಿ ಕಾಣುತ್ತದೆ, ಅದು ನನ್ನ ಗ್ರಹಚಾರ. ಬೈಕುಗಳು ಹಾರಿಕೊಂಡು ಹೋಗುತ್ತವೆ. ಸಣ್ಣ ಕಾರುಗಳು ಉಸಿರು ಬಿಗಿಹಿಡಿದು ದಾಟಿಬಿಡುತ್ತವೆ. ಅಷ್ಟೆತ್ತರದ ನಮ್ಮ ಪಿಕಪ್ ಮಾತ್ರ ಬಂದಾಗಲೆಲ್ಲ 'ಖಟ್' ಅನ್ನುತ್ತದೆ. ಕಾರಿಗಿಲ್ಲದ ತೊಂದರೆ ಪಿಕಪ್‌ಗೆ ಯಾಕೆ? ಆಗಲೇ ಈ ಪ್ರಶ್ನೆ ನನ್ನ ತಲೆಗೆ ಬಂದಿತ್ತು. ಗಾಡಿ ವಿಷಯ ಗಂಡಸರಿಗೆ ಬಿಟ್ಟದ್ದು ಅಂತ ಬಾಯಿ ಮುಚ್ಚಿಕೊಂಡೆ.

ಆ ಪಿಕಪ್ ನಮ್ಮ ಯಜಮಾನರದು. ಬಡಗಿಗಳ ಶೆಡ್ಡಿನಿಂದ ಬೀರು, ಮಂಚ, ಮೇಜು ಹೇರಿಕೊಂಡು ಜನರ ಮನೆಗೆ ತಲುಪಿಸುತ್ತಾರೆ. ವಾರಕ್ಕೆ ಎರಡು ಸಲ ಮಾತ್ರ ತಲುಪಿಸುವ ಕೆಲಸ ಬದಿಗಿಟ್ಟು ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅತ್ತೆಗೆ ಕಿಡ್ನಿ ಸೋತಿದೆ. ಆಸ್ಪತ್ರೆಯ ಯಂತ್ರ ಅವರ ರಕ್ತ ಶುದ್ಧಮಾಡಿ ಕಳಿಸುತ್ತದೆ. ಒಂದು ಸಲ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಇದರಲ್ಲಿ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ, ಇಳಿಸದ ಸಾಮಾನಿನ ಜೊತೆಗೇ ಅತ್ತೆಯನ್ನು ಕೂರಿಸಿಕೊಂಡು ಹೊರಟ ಗಾಡಿ ದಿಬ್ಬದ ಮೇಲೆ ಸಿಕ್ಕಿಹಾಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಚಕ್ರ ಸುಮ್ಮನೆ ಗಿರಗಿರ ಸುತ್ತುತ್ತಿದೆ. ಬೀದಿಯೆಲ್ಲ ಬಂದು ನಿಂತಿತು. ಒಬ್ಬ ಎಳೆಯಿರಿ ಅಂದ, ಇನ್ನೊಬ್ಬ ತಳ್ಳಿರಿ ಅಂದ, ಮೂರನೆಯವನು ದೂರ ನಿಂತು ಫೋನಿನಲ್ಲಿ ಚಿತ್ರ ತೆಗೆದ. ಆಸ್ಪತ್ರೆಯ ಹೊತ್ತು ಮೀರುತ್ತಿದೆ. ಕೊನೆಗೆ ಗಿರಾಕಿಗಳು ಕೂರುವ ನನ್ನ ಪ್ಲಾಸ್ಟಿಕ್ ಕುರ್ಚಿ ತಂದು, ಅತ್ತೆಯನ್ನು ಅದರಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ದೊಡ್ಡ ರಸ್ತೆಗೆ ತಲುಪಿಸಿ ಆಟೋ ಹತ್ತಿಸಿದರು. ಆಮೇಲೆ ಎಲ್ಲರೂ ಸೇರಿ ಗಾಡಿಯನ್ನು ಹಿಂದಕ್ಕೆ ಎಳೆದು ಬಿಡಿಸಿದರು.

ಅತ್ತೆ ಸಂಜೆ ಮನೆಗೆ ಬಂದು ಮಂಚದ ಮೇಲೆ ಕೂತವರೇ ಅಂದರು: "ನಾಲ್ಕು ಜನ ಹೊತ್ಕೊಂಡು ಹೋಗೋದು ನಾನು ಸತ್ತ ಮೇಲಾಗ್ಲಿ. ಬದುಕಿದ್ದಾಗಲೇ ಬೀದಿ ತುಂಬಾ ಮೆರವಣಿಗೆ ಬೇಡ. ಇನ್ನೊಂದ್ಸಲ ಹಿಂಗಾದ್ರೆ ನಾನು ಆಸ್ಪತ್ರೆಗೇ ಬರಲ್ಲ, ಹೇಳಿದೀನಿ."

ಅತ್ತೆ ಹಟ ಹಿಡಿದರೆ ಮುಗಿಯಿತು, ಹೇಳಿದ್ದನ್ನು ಮಾಡುವವರೇ. ಇವರು, ನಮ್ಮ ಯಜಮಾನರು, ಎದ್ದು ನಿಂತರು. "ಗಾಡೀನೇ ಎತ್ತರಿಸಿಬಿಡ್ತೀನಿ ಅಮ್ಮಾ. ಲಿಫ್ಟ್ ಕಿಟ್ ಹಾಕಿಸ್ತೀನಿ. ಆ ದಿಬ್ಬ ತಳಕ್ಕೆ ಸೋಕಬಾರದು, ಹಂಗೆ."

ಲಿಫ್ಟ್ ಕಿಟ್ ಅಂದರೆ ಗಾಡಿಯ ಮೈಯನ್ನು ಚಕ್ರಗಳಿಂದ ಇನ್ನಷ್ಟು ಮೇಲಕ್ಕೆ ಎತ್ತಿ ಕೂರಿಸುವ ಸಾಮಾನು. ಇಷ್ಟು ನನಗೆ ಅರ್ಥವಾಯಿತು. ಆಮೇಲೆ ಕೇಳಿದ್ದು ಯಾವುದೂ ಅರ್ಥವಾಗಲಿಲ್ಲ.

ಮಾರನೆಯ ದಿನದಿಂದ ಮನೆಗೆ ಬಂದವರೆಲ್ಲ ಇಂಚು ಇಂಚು ಅನ್ನಲು ಶುರುಮಾಡಿದರು. ಟೈರ್ ಅಂಗಡಿಯವನು ಎರಡಿಂಚು ಸಾಕು, ಆದರೆ ಟೈರೂ ದೊಡ್ಡದು ಹಾಕಿಸಿ ಅಂದ. ಎದುರು ಮನೆಯವರು ಮುಂದೆ ಮಾತ್ರ ಎತ್ತಿ, ಹಿಂದೆ ಬೇಡ ಅಂದರು. ಇವರ ಜೊತೆ ಲೋಡು ಹೊಡೆಯುವವರೊಬ್ಬರು ಹಿಂದೆ ಮಾತ್ರ ಎತ್ತಿ, ಮುಂದೆ ಬೇಡವೇ ಬೇಡ ಅಂತ ಆಣೆ ಮಾಡಿದರು. ಫೋನಿನ ವೀಡಿಯೊದಲ್ಲಿ ಟೋಪಿ ಹಾಕಿದ ಒಬ್ಬ ಮನುಷ್ಯ ಆರಿಂಚು ಎತ್ತಿ ಕೆಸರಲ್ಲಿ ಉರುಳಾಡಿಸಿ ತೋರಿಸಿದ. ಬ್ಲಾಕು, ಸ್ಪೇಸರು, ಶ್ಯಾಕಲ್ಲು, ಶಾಕ್ ಅಬ್ಸಾರ್ಬರು! ಕೇಳಿ ಕೇಳಿ ನನ್ನ ತಲೆ ಮೊಸರು ಗಡಿಗೆಯಾಯಿತು. ಇಂಚು ಅನ್ನುವುದು ನನ್ನ ಹೊಟ್ಟೆಪಾಡು. ಸೊಂಟದಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಗಿರಾಕಿ ನನ್ನ ಮೇಲೆ ಹರಿಹಾಯುತ್ತಾಳೆ. ಇಲ್ಲಿ ನೋಡಿದರೆ ಎರಡು, ನಾಲ್ಕು, ಆರು ಅಂತ ಹರಾಜು ಕೂಗುವ ಹಾಗೆ ಕೂಗುತ್ತಿದ್ದಾರೆ.

ಎಲ್ಲರಿಗಿಂತ ಜೋರು ನನ್ನ ಮೈದುನ. ಅವನನ್ನು ಬೀದಿಯಲ್ಲಿ 'ನಂಗೊತ್ತು' ಅಂತಲೇ ಕರೆಯುತ್ತಾರೆ. ನೀವು ಬಾಯಿ ತೆರೆಯುವ ಮುಂಚೆ "ನಂಗೊತ್ತು" ಅನ್ನುವವನು. ಒಳ್ಳೆಯ ಮನಸ್ಸಿನವನೇ, ಅಮ್ಮ ಅಂದರೆ ಪ್ರಾಣ. ಬುದ್ಧಿ ಮಾತ್ರ ಕಾಲಿಗಿಂತ ನಿಧಾನ.

"ನಾಲ್ಕಿಂಚು ಅಣ್ಣ. ಕಣ್ಮುಚ್ಚಿ ಹಾಕಿಸು. ನನ್ನ ಸ್ನೇಹಿತನ ಅಂಗಡೀಲಿದೆ, ನಾನೇ ತರ್ತೀನಿ."

"ಎರಡು ಅಂತಾರಲ್ಲೋ ಟೈರಿನವರು?"

"ಎರಡಾದ್ರೆ ಎರಡು ತಿಂಗಳಿಗೆ ಇನ್ನೊಂದು ದಿಬ್ಬ ಹಾಕ್ತಾರೆ. ನಾಲ್ಕಾದ್ರೆ ಯಾವನೂ ಏನೂ ಮಾಡಕ್ಕಾಗಲ್ಲ."

ಇದು ಸರಿಯೋ ತಪ್ಪೋ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಜೋರಾಗಿ ಹೇಳಿದವನದೇ ಸರಿ ಅನ್ನಿಸುವ ಹೊತ್ತು ಅದು. ಅವನು ಹೋಗಿ ಎರಡು ಭಾರದ ಪೆಟ್ಟಿಗೆ ತಂದು ನನ್ನ ಇಸ್ತ್ರಿ ಮೇಜಿನ ಕೆಳಗೆ ಇಟ್ಟ. ಮುಚ್ಚಳ ತೆಗೆದು ತೋರಿಸಿದ. ಒಂದರಲ್ಲಿ ಮುಂದಿನ ಚಕ್ರಗಳಿಗೆ ಹಾಕುವ ದಪ್ಪ ಬಳೆಗಳು, ಇನ್ನೊಂದರಲ್ಲಿ ಹಿಂದಿನ ಸ್ಪ್ರಿಂಗಿನ ಕೆಳಗೆ ತುರುಕುವ ಕಬ್ಬಿಣದ ಇಟ್ಟಿಗೆಗಳು. ಅದಕ್ಕೇ ಬ್ಲಾಕು ಅನ್ನುವುದಂತೆ. ಬಳಸದಿದ್ದರೆ ವಾಪಸ್ ತಗೊಳ್ಳುತ್ತಾರೆ ಅಂತಲೂ ಹೇಳಿದ. ಪುಣ್ಯಕ್ಕೆ ಆ ಒಂದು ಮಾತು ಕೇಳಿಕೊಂಡು ಬಂದಿದ್ದ.

ನಾಳೆ ಹಾಕಿಸುವುದು ಅಂತ ತೀರ್ಮಾನವಾಯಿತು. ನಾಡಿದ್ದು ಅತ್ತೆಯ ಆಸ್ಪತ್ರೆ.

ಆ ಮಧ್ಯಾಹ್ನ ತಪಾಸಣೆ ಅಕ್ಕ ಬಂದರು. ವಾಹನ ತಪಾಸಣಾ ಕೇಂದ್ರದಲ್ಲಿ ಅವರ ಕೆಲಸ. ರಸ್ತೆಯಲ್ಲಿ ಓಡಲು ಯಾವ ಗಾಡಿ ಯೋಗ್ಯ, ಯಾವುದು ಅಲ್ಲ ಅಂತ ಅದರ ಕೆಳಗೆ ನುಗ್ಗಿ ನೋಡಿ ಹೇಳುವವರು. ಕೆಳಗೆ ನುಗ್ಗಿ ನುಗ್ಗಿ ಅವರ ಸಮವಸ್ತ್ರದ ಪ್ಯಾಂಟು ಮಂಡಿಯಲ್ಲಿ ಬೇಗ ಹರಿಯುತ್ತದೆ. ಹೊಸದಕ್ಕೆ ಟ್ರಯಲ್ ನೋಡಲು ಬಂದಿದ್ದರು. ನಾನು ಅವರ ಕಾಲ ಬಳಿ ಕೂತು ಪ್ಯಾಂಟಿನ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದೆ. ಅವರ ಕಣ್ಣು ಪೆಟ್ಟಿಗೆ ಮೇಲೆ ಬಿತ್ತು.

"ಇದು ಯಾವ ಗಾಡಿಗಮ್ಮ?"

"ನಮ್ಮ ಗಾಡಿಗೇ ಅಕ್ಕ. ನಾಲ್ಕಿಂಚು."

"ಯಾರು ಅಳತೆ ತಗೊಂಡಿದ್ದು?"

ನಾನು ಬಾಗಿಲಲ್ಲಿ ಕೂತಿದ್ದ ಇವರ ಮುಖ ನೋಡಿದೆ. ಇವರು ತಮ್ಮನ ಮುಖ ನೋಡಿದರು. ನಂಗೊತ್ತು ಸೀಲಿಂಗ್ ಫ್ಯಾನು ನೋಡಿದ.

"ಅಳತೆ ಯಾಕೆ?" ಅಂದ. "ಪೆಟ್ಟಿಗೆ ಮೇಲೇ ಬರೆದಿದೆಯಲ್ಲ, ನಾಲ್ಕು ಅಂತ."

ಅಕ್ಕ ನಗಲಿಲ್ಲ. ನನ್ನ ಕಡೆ ಬಗ್ಗಿ ಕೇಳಿದರು: "ನಾನು ಬಂದು, ಅಳತೆ ಬೇಡ, ಅಂಗಡೀಲಿ ನಲವತ್ತು ಅಂತ ಬರೆದಿರೋ ಬಟ್ಟೆ ಇದೆ, ಹಂಗೇ ಹೊಲಿ ಅಂದಿದ್ರೆ ನೀನು ಹೊಲೀತಿದ್ಯಾ?"

"ಅಯ್ಯೋ, ಅದೆಂಗಾಗುತ್ತೆ ಅಕ್ಕಾ! ಮೊದಲು ಮೈ ನೋಡಬೇಡ್ವಾ?"

"ಗಾಡಿಗೂ ಮೈ ಇರುತ್ತೆ."

ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ನನಗೇ ಚುಚ್ಚಿತು. ಅಕ್ಕ ಹಳೆಯ ಪ್ಯಾಂಟು ಹಾಕಿಕೊಂಡು ಬಂದು, "ದಿಬ್ಬಕ್ಕೆ ಏನು ತಗಲ್ತಿದೆ, ಅದು ಹೇಳಿ ಮೊದಲು" ಅಂದರು.

"ಗೇರ್ ಬಾಕ್ಸು" ಅಂದರು ಇವರು.

"ಅಲ್ಲ, ಚಾಸಿ. ನಂಗೊತ್ತು" ಅಂದ ಮೈದುನ.

"ಸದ್ದು ಬರುತ್ತೆ" ಅಂದೆ ನಾನು. ನನಗೆ ಗೊತ್ತಿದ್ದದ್ದು ಅಷ್ಟೇ.

"ಒಂದೇ ಗಾಡಿ, ಒಂದೇ ದಿಬ್ಬ, ಮೂರು ಉತ್ತರ" ಅಂದರು ಅಕ್ಕ. "ಕೆಳಗೆ ನುಗ್ಗಿ ನೋಡಿದ್ರಾ?"

"ನೋಡ್ದೆ ಅಕ್ಕ. ಎಲ್ಲಾ ಕಡೆ ಗೀರೇ ಇದೆ. ಹಳೇ ಗಾಡಿ. ಯಾವುದು ಹೊಸದು, ಯಾವುದು ಹಳೇದು ಅಂತ ಹೇಗೆ ಹೇಳೋದು?" ಇವರ ದನಿಯಲ್ಲಿ ನಿಜವಾದ ಸಂಕಟವಿತ್ತು.

ಆಗ ನನಗೆ ನನ್ನ ಕೆಲಸ ನೆನಪಾಯಿತು. ಬಟ್ಟೆ ಎಲ್ಲಿ ಹಿಡಿಯುತ್ತದೆ ಅಂತ ತಿಳಿಯದಿದ್ದರೆ ಏನು ಮಾಡುತ್ತೇನೆ? ಸೀಮೆಸುಣ್ಣ ಹಚ್ಚಿ, ತೊಡಿಸಿ, ನಡೆಸಿ ನೋಡುತ್ತೇನೆ. ಡಬ್ಬದ ತಳದಲ್ಲಿ ನೀಲಿ ಸೀಮೆಸುಣ್ಣದ ಚೂರುಗಳು ಬೇಕಾದಷ್ಟಿದ್ದವು. "ಅಕ್ಕಾ, ದಿಬ್ಬಕ್ಕೆ ಬಳಿದುಬಿಡ್ಲಾ?" ಅಂದೆ. ಹೇಳುವಾಗಲೇ ಇದೆಂಥ ಹುಚ್ಚು ಮಾತು ಅನ್ನಿಸಿತು. ಅಕ್ಕ ಮಾತ್ರ, "ಬಳಿ, ದಪ್ಪಕ್ಕೆ ಬಳಿ" ಅಂದರು.

ಚೂರುಗಳನ್ನು ಕುಟ್ಟಿ, ನೀರಲ್ಲಿ ಕಲಸಿ, ಹಳೇ ಬಟ್ಟೆಯಲ್ಲಿ ದಿಬ್ಬಕ್ಕೆ ಉದ್ದಕ್ಕೂ ಬಳಿದೆ. ಬೀದಿಯವರು ಬಾಗಿಲಿಗೆ ಬಂದರು. "ಏನಮ್ಮಾ, ದಿಬ್ಬಕ್ಕೂ ಬಟ್ಟೆ ಹೊಲಿಯೋಕೆ ಹೊರಟ್ಯಾ?" ಅಂತ ಎದುರು ಮನೆಯವರು ಕಾಲೆಳೆದರು. ಮೊದಲು ಅಳತೆಗೆ ಬರಲಿ ಅಂದೆ.

ಇವರು ಗಾಡಿ ಖಾಲಿ ಮಾಡಲು ಹೋದರು. ಹಿಂದೆ ತಲುಪಿಸಬೇಕಾದ ಒಂದು ಬೀರು ನಿಂತಿತ್ತು. ಅಕ್ಕ ತಡೆದರು. "ಇಳಿಸ್ಬೇಡಿ. ತಗಲಿದಾಗ ಗಾಡಿ ಹೇಗಿರುತ್ತೋ ಹಂಗೇ ಇರ್ಲಿ. ಅಮ್ಮನ ಜಾಗದಲ್ಲಿ ಯಾರಾದ್ರೂ ಕೂತ್ಕೊಳ್ಳಿ." ನಂಗೊತ್ತು ಹತ್ತಿ ಕೂತ. ಇವರು ನಿಧಾನಕ್ಕೆ ದಿಬ್ಬ ಹತ್ತಿಸಿದರು. ಮುಂದಿನ ಚಕ್ರ ಏರಿತು, ಇಳಿಯಿತು, ಖಟ್!

ಹೇಗೋ ಹಿಂದಕ್ಕೆ ತೆಗೆದು ನಿಲ್ಲಿಸಿದರು. ಅಕ್ಕ ಟಾರ್ಚು ಹಿಡಿದು ಕೆಳಗೆ ಮಲಗಿದರು. ನಾನೂ ಬಗ್ಗಿದೆ. ಇಂಜಿನ್ನಿನ ಕೆಳಗೆ ನೀಲಿ ಇಲ್ಲ. ಗೇರ್ ಬಾಕ್ಸಿಗೆ ಇಲ್ಲ. ಚಾಸಿಗೆ ಇಲ್ಲ. ಸೈಲೆನ್ಸರ್ ಪೈಪಿಗೆ ಒಂದು ಸಣ್ಣ ಗೆರೆ. ಉಳಿದ ನೀಲಿಯೆಲ್ಲ ಮೆತ್ತಿಕೊಂಡಿದ್ದು ಒಂದೇ ಕಡೆ. ಎಡಗಡೆ ಬಾಗಿಲ ಕೆಳಗೆ ಜೋತುಬಿದ್ದಿದ್ದ ಕಬ್ಬಿಣದ ಮೆಟ್ಟಿಲಿಗೆ.

ಅದು ಅತ್ತೆಯ ಮೆಟ್ಟಿಲು.

ಅತ್ತೆಗೆ ಗಾಡಿ ಹತ್ತಲು ಆಗುವುದಿಲ್ಲ ಅಂತ, ಬೀದಿಗೆ ಪೈಪು ಬರುವ ಮುಂಚೆ, ಇವರೇ ನಿಂತು ವೆಲ್ಡಿಂಗ್ ಮಾಡಿಸಿದ್ದು. "ಇನ್ನೂ ಕೆಳಗೆ, ಇನ್ನೂ ಕೆಳಗೆ" ಅಂತ ಹೇಳಿ ಹೇಳಿ, ಅಮ್ಮನ ಕಾಲಿಗೆ ಎಟಕುವ ಹಾಗೆ ಇಳಿಸಿ ಕೂರಿಸಿದ್ದರು. ಆಮೇಲೆ ದಿಬ್ಬ ಬಂತು. ಮೆಟ್ಟಿಲು ದಿಬ್ಬಕ್ಕೆ ಕೊಕ್ಕೆ ಹಾಕಿದಂತೆ ಸಿಕ್ಕಿಕೊಳ್ಳುತ್ತಿತ್ತು. ದಿನಾ ನೋಡುವ ಮೆಟ್ಟಿಲು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವರು ನೀಲಿ ಮೆತ್ತಿದ ಮೆಟ್ಟಿಲನ್ನು ಮುಟ್ಟಿ, ಬೆರಳು ನೋಡಿಕೊಂಡು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಅಷ್ಟೇ ತಾನೇ" ಅಂದ ನಂಗೊತ್ತು. "ಮೆಟ್ಟಿಲು ಕಿತ್ತಾಕು. ಗಾಡಿ ನಾಲ್ಕಿಂಚು ಎತ್ತು."

"ಎತ್ತಿದ್ರೆ ಅಮ್ಮ ಹತ್ತೋದು ಹೇಗೆ?" ಅಂದೆ.

"ಇನ್ನೊಂದು ಮೆಟ್ಟಿಲು ಹಾಕ್ಸಿ. ನಾಲ್ಕಿಂಚು ಕೆಳಗೆ."

"ಆಗ ಅದು ದಿಬ್ಬಕ್ಕೆ ತಗಲಲ್ವಾ?"

ಅವನು ಬೆರಳು ಮಡಚಿ ಲೆಕ್ಕ ಹಾಕತೊಡಗಿದ. ನಾನೂ ಯೋಚನೆ ಮಾಡಿದೆ. ಗಾಡಿ ಎತ್ತಬೇಕು, ಎತ್ತಿದರೆ ಮೆಟ್ಟಿಲು ಇಳಿಸಬೇಕು, ಇಳಿಸಿದರೆ ತಗಲುತ್ತದೆ, ತಗಲಿದರೆ ಗಾಡಿ ಎತ್ತಬೇಕು. ಗಾಣದ ಸುತ್ತ ತಿರುಗಿದ ಹಾಗಾಯಿತು, ತಲೆ ಚಿಟ್ಟು ಹಿಡಿಯಿತು.

ಅಕ್ಕ ನನ್ನ ಟೇಪು ಕೇಳಿದರು. ಚಕ್ರದ ನಡುಮಧ್ಯದಿಂದ ಮೇಲಿನ ಕಮಾನಿನವರೆಗೆ ನಾಲ್ಕೂ ಕಡೆ ಹಿಡಿಸಿದರು. ಮುಂದೆ ಎರಡೂ ಕಡೆ ಸಮ. ಹಿಂದೆ ಎಡಗಡೆ ಒಂದಿಂಚಿಗೂ ಹೆಚ್ಚು ಕುಸಿದಿತ್ತು. ಒಂದು ಭುಜ ಇಳಿದ ಗಿರಾಕಿ ನನ್ನ ಅಂಗಡಿಗೆ ಬಂದರೆ ಬಾಗಿಲಲ್ಲೇ ಗುರುತಿಸುತ್ತೇನೆ. ಮನೆಮುಂದೆ ನಿಲ್ಲುವ ಗಾಡಿ ಸೊಟ್ಟಗಿದ್ದದ್ದು ಕಾಣಲಿಲ್ಲ ನೋಡಿ!

"ಬನ್ನಿ ಇಲ್ಲಿ" ಅಂದರು ಅಕ್ಕ, ಹಿಂದಿನ ಚಕ್ರದ ಪಕ್ಕ ಟಾರ್ಚು ಬಿಟ್ಟು. ಹಿಂದಿನ ಸ್ಪ್ರಿಂಗ್ ಅಂದರೆ ಒಂದರ ಮೇಲೊಂದು ಜೋಡಿಸಿದ ಕಬ್ಬಿಣದ ಪಟ್ಟಿಗಳು. ಅದರಲ್ಲಿ ಒಂದು ಪಟ್ಟಿ ಸೀಳಿತ್ತು. ಕೂದಲೆಳೆಯಂಥ ಸೀಳು, ಒಳಗೆ ತುಕ್ಕಿನ ಕೆಂಪು.

"ಇದರ ಕೆಳಗೆ ನಾಳೆ ಆ ಕಬ್ಬಿಣದ ಇಟ್ಟಿಗೆ ತುರುಕ್ತಿದ್ರಿ" ಅಂದರು. "ಮುರಿದ ಕಾಲಿಗೆ ಎತ್ತರದ ಚಪ್ಪಲಿ ಹಾಕ್ದಂಗೆ. ಗಾಡಿ ಎತ್ತರವಾಗಿ ಕಾಣ್ತಿತ್ತು, ನಿಜ. ಯಾವುದೋ ತಿರುವಲ್ಲಿ ಪಟ್ಟಿ ಮುರಿದಿದ್ರೆ? ಪಕ್ಕದಲ್ಲಿ ಯಾರು ಕೂತಿರ್ತಾರೆ?"

ಇವರು ತಿರುಗಿ ಅತ್ತೆ ಕೂರುವ ಸೀಟಿನ ಕಡೆ ನೋಡಿದರು.

"ಮತ್ತೆ ಆ ಬೀರು" ಅಂತ ಅಕ್ಕ ಕೈ ತೋರಿಸಿದರು. "ಹಂಗೇ ನಿಲ್ಲಿಸಿ ಹಗ್ಗ ಕಟ್ತೀರಾ? ಗಾಡಿ ಎತ್ತಿದಷ್ಟೂ ಭಾರ ಮೇಲೆ ಹೋಗುತ್ತೆ, ತಿರುವಲ್ಲಿ ಜಾಸ್ತಿ ವಾಲುತ್ತೆ. ಎತ್ತಿದ ಗಾಡಿ ಮೊದಲಿನ ಗಾಡಿ ಅಲ್ಲ ಅಣ್ಣ. ಅದನ್ನ ಓಡಿಸೋದೂ ಬೇರೆ ಥರ."

ನಂಗೊತ್ತು ಇನ್ನೂ ಸೋತಿರಲಿಲ್ಲ. "ಸರಿ, ಹೊಸ ಸ್ಪ್ರಿಂಗ್ ಹಾಕಿ. ಆದ್ರೂ ನಾಲ್ಕಿಂಚು ಎತ್ತಿದ್ರೆ ಏನು ಗಂಟು ಹೋಗುತ್ತೆ? ಅಮ್ಮ ಹತ್ತುತ್ತಾಳೆ ಬಿಡಿ. ಕೈ ಹಿಡ್ಕೊಂಡ್ರಾಯ್ತು."

"ಹತ್ತುತ್ತಾರಾ?" ಅಂದರು ಅಕ್ಕ. "ಯಾಕೆ ವಾದ? ಟ್ರಯಲ್ ನೋಡೋಣ."

ಇವರು ಬಡಗಿಯ ಶೆಡ್ಡಿನಿಂದ ಹಲಗೆ ತಂದರು. ದಪ್ಪ ಹಲಗೆಗಳು, ಒಂದೊಂದೂ ಒಂದೂವರೆ ಇಂಚಿಗೆ ತುಸು ಕಡಿಮೆ. ನಾಲ್ಕೂ ಚಕ್ರದ ಮುಂದೆ ಮೂರು ಮೂರು ಹಲಗೆ ಒಂದರ ಮೇಲೊಂದು ಇಟ್ಟು, ಗಾಡಿಯನ್ನು ಮೆಲ್ಲಗೆ ಹತ್ತಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕು ಎಳೆದು ನಿಲ್ಲಿಸಿದರು. ಈಗ ಗಾಡಿ ಪೆಟ್ಟಿಗೆಯಲ್ಲಿ ಬರೆದ ಹಾಗೆ ನಾಲ್ಕಿಂಚು ಎತ್ತರ. ನಂಗೊತ್ತು ಹಿಂದೆ ಸರಿದು, ಸೊಂಟಕ್ಕೆ ಕೈಕೊಟ್ಟು, "ಏನು ಗತ್ತು ನೋಡಣ್ಣ!" ಅಂದ. ಗತ್ತೇನೋ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ಒಳಗೆ ಹೋಗಿ ಅತ್ತೆಯನ್ನು ಕರೆದೆ. "ಅತ್ತೆ, ಸ್ವಲ್ಪ ಬಂದು ಗಾಡಿ ಹತ್ತಿ ನೋಡ್ತೀರಾ?"

"ನನಗೇನು ಬಟ್ಟೆ ಹೊಲೀತಿದ್ಯಾ ಟ್ರಯಲ್‌ಗೆ?" ಅಂತ ಗೊಣಗುತ್ತ ಬಂದರು. ಗಾಡಿಯ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದರು. ಬಾಗಿಲ ಹಿಡಿ ಹಿಡಿದರು. ಎಡಗಾಲು ಎತ್ತಿದರು. ಮೆಟ್ಟಿಲು ಅವರ ಪಾದಕ್ಕಿಂತ ಮೇಲಿತ್ತು. ಕಾಲು ಇಳಿಸಿ ಬಲಗಾಲು ಎತ್ತಿದರು. ಬೆರಳ ತುದಿ ಸೋಕಿತು, ಕಾಲು ಮತ್ತೆ ನೆಲಕ್ಕೆ ಬಂತು. ಇವರು ಓಡಿ ಬಂದು ತೋಳು ಹಿಡಿದರು. ನಂಗೊತ್ತು ಇನ್ನೊಂದು ತೋಳು ಹಿಡಿದ. ಇಬ್ಬರೂ ಸೇರಿ ಎತ್ತಲು ಹೋದಾಗ ಅತ್ತೆ "ಬಿಡ್ರೋ!" ಅಂದರು.

ಆಮೇಲೆ ಬಹಳ ಮೆತ್ತಗೆ, ಮಗುವಿಗೆ ಸಮಾಧಾನ ಹೇಳುವವರಂತೆ ಹೇಳಿದರು: "ನೀನು ಗಾಡಿ ಎತ್ತರ ಮಾಡ್ಕೋ ಕಣೋ. ನಿನ್ನ ಕೆಲಸಕ್ಕೆ ಬೇಕಲ್ಲ. ನಾನು ಮನೇಲಿರ್ತೀನಿ ಬಿಡು."

ಮನೆಯಲ್ಲಿರುತ್ತೇನೆ ಅಂದರೆ ಏನರ್ಥ ಅಂತ ಎಲ್ಲರಿಗೂ ಗೊತ್ತಿತ್ತು. ಯಾರಿಗಾಗಿ ಗಾಡಿ ಎತ್ತಲು ಹೊರಟಿದ್ದೆವೋ ಅವರೇ ಕೆಳಗೆ ಉಳಿದುಬಿಡುತ್ತಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಊರಿನವರ ಮೈಯೆಲ್ಲ ಅಳೆಯುವ ನಾನು ಪಕ್ಕದ ಕೋಣೆಯ ಅತ್ತೆಯ ಕಾಲು ಎಷ್ಟು ಮೇಲೆ ಬರುತ್ತದೆ ಅಂತ ನೋಡಿರಲಿಲ್ಲ. ಪೆಟ್ಟಿಗೆ ಮಾರಿದವನು ನೋಡುತ್ತಾನೆಯೇ!

ನಂಗೊತ್ತು ತಾನೇ ಹೋಗಿ ಒಂದೊಂದು ಹಲಗೆ ತೆಗೆಯಲು ಅಣ್ಣನ ಜೊತೆ ಕೈಜೋಡಿಸಿದ. ಎರಡು ಹಲಗೆಗೆ ಅತ್ತೆಯ ಕಾಲು ಮೆಟ್ಟಿಲ ಮೇಲೆ ಬಂತು, ಆದರೆ ಮೈ ಏರಲಿಲ್ಲ. ಒಂದೇ ಹಲಗೆ ಉಳಿಸಿದಾಗ ಅತ್ತೆ ಹಿಡಿ ಹಿಡಿದು, ಉಸಿರು ತಗೊಂಡು, ಯಾರ ಕೈಯೂ ಇಲ್ಲದೆ ಹತ್ತಿ ಕೂತರು. ಕೂತು, ಗಾಜಿನಿಂದ ನಮ್ಮನ್ನು ನೋಡಿ, "ಈಗ ಎಲ್ಲಿಗೆ ಹೊರಟಿದ್ದು?" ಅಂದರು. ಅಷ್ಟು ಹೊತ್ತಿಗೆ ಬೀದಿಯೆಲ್ಲ ನಗುತ್ತಿತ್ತು.

"ಬಂತಲ್ಲ ನಿಮ್ಮ ಅಳತೆ" ಅಂದರು ಅಕ್ಕ. "ಒಂದು ಹಲಗೆ. ಸೈಲೆನ್ಸರ್ ಪೈಪು ಉಳಿಯೋಕೂ ಅಷ್ಟು ಸಾಕು. ಮೆಟ್ಟಿಲು ಮಡಚೋ ಥರದ್ದು ಹಾಕ್ಸಿ, ಹತ್ತುವಾಗ ಇಳಿಸಿ, ಓಡಿಸುವಾಗ ಮಡಚಿ. ಸೀಳಿದ ಸ್ಪ್ರಿಂಗ್ ಬದಲಾಯಿಸೋವರೆಗೂ ಗಾಡಿ ರಸ್ತೆಗೆ ತೆಗೀಬೇಡಿ. ನಾಡಿದ್ದು ಅಮ್ಮನಿಗೆ ಬೇರೆ ಗಾಡಿ ಹೇಳಿ."

ಆಸ್ಪತ್ರೆಯ ದಿನ ಅತ್ತೆ, ಕುಲುಕಾಟ ಬೇಡವೆಂದು ದಿಬ್ಬದಾಚೆ ನಿಲ್ಲಿಸಿದ್ದ ಆಟೋವರೆಗೆ ನನ್ನ ಹೆಗಲು ಹಿಡಿದು, ನಡುನಡುವೆ ನಿಂತು ನಿಂತು, ನಡೆದೇ ಹೋದರು. ಕುರ್ಚಿಯ ಹೆಸರೆತ್ತಲು ಯಾರಿಗೂ ಧೈರ್ಯವಿರಲಿಲ್ಲ.

ಪೆಟ್ಟಿಗೆಗಳು ವಾಪಸ್ ಹೋದವು. ಹೊತ್ತುಕೊಂಡು ಹೋದವನು ಯಾರು ಅಂತ ಹೇಳಬೇಕಾಗಿಲ್ಲ. ಮುಂದಿನ ವಾರ ಗ್ಯಾರೇಜಿಗೆ ನಾನೂ ಹೋದೆ. ಗಾಡಿ ವಿಷಯ ಗಂಡಸರಿಗೆ ಬಿಟ್ಟದ್ದು ಅಂತ ಇನ್ನು ಯಾರಾದರೂ ನನ್ನ ಮುಂದೆ ಹೇಳಲಿ, ನೋಡಿಕೊಳ್ಳುತ್ತೇನೆ.

ಗ್ಯಾರೇಜಿನವರು ಮೊದಲು ಬ್ಲಾಕೇ ತೋರಿಸಿದರು. ಸುಲಭ, ಮಧ್ಯಾಹ್ನಕ್ಕೆ ಮುಗಿಯುತ್ತೆ ಅಂದರು. "ನಮಗೆ ಬೇಡ" ಅಂದೆ. "ನಮ್ಮ ಗಾಡಿಯ ಮಾದರಿಗೇ ಅಂತ ಮಾಡಿದ ಕಿಟ್ ಇದ್ಯಾ? ಮುಂದಕ್ಕೂ ಹಿಂದಕ್ಕೂ ಜೋಡಿಯಾಗಿ?"

"ಇದೆ ಅಮ್ಮ. ಎಷ್ಟಿಂಚು?"

"ಒಂದೂವರೆ ದಾಟಬಾರದು. ಅದು ಖಾಲಿ ಗಾಡೀಲಿ ಎಷ್ಟು, ಬೀರು ಹೇರಿದ ಮೇಲೆ ಎಷ್ಟು? ನಾವು ಹೇರೋ ಭಾರಕ್ಕೆ ಈ ಸ್ಪ್ರಿಂಗ್ ತಕ್ಕದ್ದಾ? ಖಾಲಿ ಇದ್ದಾಗ ಎತ್ತಿ ಎತ್ತಿ ಹಾಕುತ್ತಾ? ನಮ್ಮತ್ತೆಗೆ ಕುಲುಕಾಟ ಆಗಲ್ಲ."

ಅವರು ಇವರ ಕಡೆ ನೋಡಿದರು. ಇವರು "ಅವಳನ್ನೇ ಕೇಳಿ" ಅಂದರು. ಒಳಗೊಳಗೆ ಹಿಗ್ಗಿದೆ, ಹೇಳಿಕೊಂಡರೆ ತಪ್ಪೇನು!

ಕೊನೆಗೆ ಹಿಂದಿನ ಎರಡೂ ಕಡೆ ನಮ್ಮ ಭಾರಕ್ಕೆ ತಕ್ಕ ಹೊಸ ಸ್ಪ್ರಿಂಗ್, ಮುಂದಕ್ಕೆ ಅದಕ್ಕೆ ಹೊಂದುವ ಸ್ಪ್ರಿಂಗ್, ಅವುಗಳ ಎತ್ತರಕ್ಕೆ ಸರಿಯಾದ ಉದ್ದದ ಶಾಕ್ ಅಬ್ಸಾರ್ಬರ್ ಬಿದ್ದವು. ಚಕ್ರ ಕೆಳಗೆ ಜೋತಾಡುವ ಹಾಗೆ ಗಾಡಿ ಎತ್ತಿ, ಬ್ರೇಕಿನ ರಬ್ಬರ್ ಪೈಪು ಎಲ್ಲೂ ಎಳೆದು ಬಿಗಿಯಾಗಿಲ್ಲ ಅಂತ ತೋರಿಸಿದರು. ಮಡಚುವ ಮೆಟ್ಟಿಲು ಕೂರಿಸಿದರು. ಚಕ್ರಗಳು ನೇರ ನಿಲ್ಲುವ ಹಾಗೆ ಅಲೈನ್‌ಮೆಂಟ್ ಸರಿಮಾಡಿದರು. ಹೆಡ್‌ಲೈಟ್ ತಗ್ಗಿಸಿದರು. ಗಾಡಿ ಎತ್ತರವಾದರೆ ಬೆಳಕೂ ಮೇಲೇರಿ ಎದುರಿನವರ ಕಣ್ಣು ಕುಕ್ಕುತ್ತದಂತೆ, ಅದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ತಪಾಸಣಾ ಕೇಂದ್ರಕ್ಕೆ ಹೋಗಿ ಮಾಡಿದ ಬದಲಾವಣೆಯನ್ನು ಗಾಡಿಯ ಕಾಗದದಲ್ಲಿ ಬರೆಸಿದೆವು, ವಿಮೆಯವರಿಗೂ ತಿಳಿಸಿದೆವು. ಶ್ಯಾಕಲ್ ಅಂದರೆ ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳಲು ಗೊತ್ತು, ಅಷ್ಟು ಸಾಕಾಯಿತು.

ಬೀರುಗಳು ಈಗ ಗಾಡಿಯಲ್ಲಿ ಮಲಗಿ ಹೋಗುತ್ತವೆ. ತಿರುವು ಬಂದರೆ ಇವರು ಮೊದಲಿಗಿಂತ ನಿಧಾನ. ಮೈದುನನ ಸ್ನೇಹಿತ ಯಾರೋ ಗಾಡಿ ಆರಿಂಚು ಎತ್ತುತ್ತೇನೆ ಅಂದನಂತೆ. ಇವನು ಅವನಿಗೆ, "ಮೊದಲು ನಿಮ್ಮಮ್ಮನ್ನ ಹತ್ತಿಸಿ ನೋಡು. ನಂಗೊತ್ತು" ಅಂದನಂತೆ. ಆ ಒಂದು ಸಲ ಅವನಿಗೆ ನಿಜವಾಗಿಯೂ ಗೊತ್ತಿತ್ತು.

ಹೊಸ ಸ್ಪ್ರಿಂಗಿನಲ್ಲಿ ಅತ್ತೆ ಆಸ್ಪತ್ರೆಗೆ ಹೊರಟ ಮೊದಲ ಬೆಳಿಗ್ಗೆ ನಾನು ಯಂತ್ರ ನಿಲ್ಲಿಸಿ ಕಿಟಕಿಯಲ್ಲಿ ನಿಂತಿದ್ದೆ. ಇವರು ಮೆಟ್ಟಿಲು ಇಳಿಸಿದರು, ಅತ್ತೆ ತಾವೇ ಹತ್ತಿದರು, ಇವರು ಮೆಟ್ಟಿಲು ಮಡಚಿದರು. ಮುಂದಿನ ಚಕ್ರ ದಿಬ್ಬ ಏರಿತು, ಇಳಿಯಿತು. ಸದ್ದು ಬರಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಗಾಡಿ ಎತ್ತುವ ಮಾತು ಬಂದಿದ್ದರೆ, ನಾಲ್ಕು ಜನ ನಾಲ್ಕು ಇಂಚು ಹೇಳಿ ತಲೆ ಕೆಡಿಸಿದ್ದರೆ, ಗಾಬರಿಯಾಗಬೇಡಿ. ನಾವೂ ಹಾಗೇ ಇದ್ದೆವು. ಪೆಟ್ಟಿಗೆ ತರುವ ಮುಂಚೆ ಗಾಡಿಯ ಕೆಳಗೆ ಬಗ್ಗಿ ನೋಡಿ. ತಗಲುವುದು ಏನು ಅಂತ ತಿಳಿಯದಿದ್ದರೆ ಒಂದು ಹಿಡಿ ಸೀಮೆಸುಣ್ಣ ಬಳಿಯಿರಿ. ಸ್ಪ್ರಿಂಗ್ ಸೋತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಬಲ್ಲವರ ಕೈಯಲ್ಲಿ, ನಿಮ್ಮ ಗಾಡಿಗೇ ಮಾಡಿದ ಕಿಟ್ಟನ್ನು, ಬೇಕಾದಷ್ಟೇ ಎತ್ತರಕ್ಕೆ ಹಾಕಿಸಿ. ನಿಮ್ಮ ಊರಿನ ಕಾನೂನು ಎಷ್ಟಕ್ಕೆ ಒಪ್ಪುತ್ತದೆ ಅಂತ ಕೇಳಿಕೊಂಡು ಬನ್ನಿ. ಇದಕ್ಕೆಲ್ಲ ಮುಂಚೆ ಚಕ್ರಕ್ಕೆ ಮೂರರಂತೆ ಹಲಗೆ ತಂದು, ಆ ಗಾಡಿಯಲ್ಲಿ ಕೂರಬೇಕಾದವರನ್ನು ಹೊರಗೆ ಕರೆಯಿರಿ. ಅವರ ಕಾಲು ಎಲ್ಲಿಯವರೆಗೆ ಏರುತ್ತದೋ ನಿಮ್ಮ ಗಾಡಿ ಅಲ್ಲಿಯವರೆಗೆ ಏರಲಿ.

ನಮ್ಮ ಅತ್ತೆಯನ್ನು ಕೇಳಿದರೆ ಇಷ್ಟೆಲ್ಲ ಹೇಳುವುದಿಲ್ಲ. ಮೊನ್ನೆ ಆಸ್ಪತ್ರೆಯಿಂದ ಬಂದು ಇಳಿಯುವಾಗ ಮಡಚಿದ್ದ ಮೆಟ್ಟಿಲನ್ನು ಕೋಲಿನಿಂದ ತಟ್ಟಿ, ಮಗನಿಗೆ ಅಂದರು: "ಇಳಿಸೋ ಇದನ್ನ. ನಾಡಿದ್ದು ಮತ್ತೆ ಹತ್ತಬೇಕು."